ಮಾತಾಡುವ ಪೆಟ್ಟಿಗೆ, ಗುಂಯ್‌ಗುಡುವ ಕೋಲು

ಬೆಂಗಳೂರಿನ ಪ್ರಯೋಗಾಲಯದಲ್ಲಿ ಹೇಳಿದ ಮಾತು ಕೇಳುತ್ತಿದ್ದ ಯಂತ್ರಗಳು, ನಮ್ಮ ಜೀಪು ದಾವಣಗೆರೆ ದಾಟಿದ ಕೂಡಲೇ ತಮ್ಮ ಬುದ್ಧಿ ತೋರಿಸುತ್ತಿದ್ದವು. ಅಂಗವಿಕಲರಿಗೆ ಹೊಸ ಸಾಧನ ಮಾಡಿ, ಅವು ಊರುಗಳಲ್ಲಿ ಕೆಲಸಕ್ಕೆ ಬರುತ್ತವೋ ಇಲ್ಲವೋ ಎಂದು ನೋಡುವ ಸಂಶೋಧನೆ ನಮ್ಮದು. ತಂಡಕ್ಕೆ ಮೇಡಂ ಒಬ್ಬರು ಮುಖ್ಯಸ್ಥೆ, ನಾನು ಮೆಕ್ಯಾನಿಕ್. ಎಪ್ಪತ್ತರ ದಶಕದ ಕೊನೆಯಿಂದ ಹತ್ತಾರು ವರ್ಷ ತಿರುಗಿದೆವು. ಹೋದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತಿತ್ತು.

ಬಿಳಿಚೋಡಿನ ನ್ಯಾಯ

ಜಗಳೂರು ಕಡೆ ಬಿಳಿಚೋಡಿನಲ್ಲಿ ಊರ ಜಗಳ ಬಗೆಹರಿಸುವ ಯಜಮಾನರೊಬ್ಬರಿದ್ದರು. ಕಿವಿ ಕೇಳುತ್ತಿರಲಿಲ್ಲ. ಅವರಿಗೆ ಕಿವಿ ಮಿಷನ್ ಹಾಕಿದೆವು. ಡಬ್ಬಿ ಅಂಗಿಯ ಜೇಬಿನಲ್ಲಿ, ವೈರು ಕಿವಿಗೆ. ಮೊದಲು ಕೇಳಿಸಿದ್ದು ಕುರಿ ಅರಚಿದ ಸದ್ದು. "ನಮ್ಮದೇ ಕುರಿ ಅಲ್ವೇನೋ?" ಎಂದು ಮಗನನ್ನು ಕೇಳಿ ಮುದುಕರು ಕಣ್ಣೊರೆಸಿಕೊಂಡರು.

ಮತ್ತೆ ಹೋದಾಗ ಊರ ಬಾಗಿಲಲ್ಲೇ ಜನ ಜೀಪು ನಿಲ್ಲಿಸಿದರು.

"ಆ ಮಿಷನ್ ವಾಪಸ್ ತಗಂಡು ಹೋಗ್ರಿ ಸಾರ್."

"ಯಾಕ್ರಿ, ಕೆಟ್ಟೋಯ್ತಾ?"

"ಕೆಟ್ಟಿದ್ರೆ ಚಿಂತೆ ಇರ್ಲಿಲ್ಲ. ಅದು ಬಂದಾಗಿಂದ ಊರಾಗೆ ಒಂದು ನ್ಯಾಯಾನೂ ಮುಗೀತಿಲ್ಲ!"

ಯಜಮಾನರು ಕಟ್ಟೆಯ ಮೇಲೆ ತಲೆ ಮೇಲೆ ಕೈಹೊತ್ತು ಕೂತಿದ್ದರು. "ಏನ್ ಮಾಡ್ಲಪ್ಪ? ಮೊದ್ಲು ಮುಖ ನೋಡಿ ಯಾವನು ಸುಳ್ಳ ಅಂತ ಹೇಳಿಬಿಡ್ತಿದ್ದೆ. ಈಗ ಇಬ್ರು ಹೇಳೋದೂ ಕೇಳಿಸ್ತೈತೆ. ಇಬ್ರುದೂ ಸರಿ ಅನಿಸ್ತೈತೆ!"

ನಾನು ಡಬ್ಬಿಯ ಮೇಲಿನ ಸ್ವಿಚ್ಚು ತೋರಿಸಿಕೊಟ್ಟೆ. ಆಮೇಲೆ ಊರಿನವರ ದೂರು ನಿಂತಿತು. ನ್ಯಾಯಕ್ಕೆ ಕೂತಾಗ ಆಫ್, ಊಟಕ್ಕೆ ಕರೆಯುವ ಹೊತ್ತಿಗೆ ಆನ್.

ಚಪ್ಪಲಿ ಜೋಡಿ

ನ್ಯಾಮತಿಯ ಶಿಬಿರದಲ್ಲಿ ಸವಳಂಗದ ದರ್ಜಿಯೊಬ್ಬರಿಗೆ ಕೃತಕ ಎಡಗಾಲು ಜೋಡಿಸಿದೆವು. ಅವರು ಅಂಗಳದಲ್ಲಿ ಎರಡು ಸುತ್ತು ನಡೆದು ನಗುತ್ತಾ ಹೋದರು. ಮರುದಿನ ಬಲಗಾಲಿಲ್ಲದ ಇನ್ನೊಬ್ಬರು ಊರುಗೋಲು ಕುಟ್ಟುತ್ತಾ ಬಂದು ಜಗಳಕ್ಕೇ ನಿಂತರು.

"ಅವನಿಗೆ ಕಾಲು ಕೊಡಾಕೆ ಮೊದ್ಲು ನನ್ನ ಒಂದು ಮಾತು ಕೇಳ್ಬಾರ್ದಾ?"

"ನಿಮ್ಮನ್ನ ಯಾಕ್ರಿ ಕೇಳ್ಬೇಕು?"

"ನಮ್ಮಿಬ್ರದೂ ಒಂದೇ ಅಳತೆ ಪಾದ. ಇಷ್ಟು ವರ್ಷ ಒಂದೇ ಜೊತೆ ಚಪ್ಪಲಿ ತಗಂಡು, ಬಲದ್ದು ಅವನು, ಎಡದ್ದು ನಾನು ಹಾಕ್ಕಂತಿದ್ವಿ. ನಿನ್ನೆ ಮನೆಗೆ ಬಂದು ನನ್ನ ಕಾಲಾಗಿಂದೇ ಬಿಚ್ಚಿಸ್ಕಂಡು ಹೋದ!"

ಮೇಡಂ ನಗು ತಡೆದುಕೊಂಡು ಇವರ ಕಾಲಿನ ಅಳತೆಯನ್ನೂ ತೆಗೆದುಕೊಂಡರು.

ಹೊನ್ನಾಳಿ ಸಂತೆ

ಮುಂದೆ ಏನಾದರೂ ಅಡ್ಡ ಇದ್ದರೆ ಗುಂಯ್ ಎನ್ನುವ ಕೋಲೊಂದನ್ನು ಕಣ್ಣು ಕಾಣದವರಿಗಾಗಿ ಮಾಡಿದ್ದೆವು. ಹೊನ್ನಾಳಿಯ ಹಾರ್ಮೋನಿಯಂ ಮೇಷ್ಟ್ರೊಬ್ಬರು ಪರೀಕ್ಷೆಗೆ ಒಪ್ಪಿದರು. ಖಾಲಿ ಬೀದಿಯಲ್ಲಿ ಕೋಲು ಚೆನ್ನಾಗಿಯೇ ನಡೆಯಿತು. "ಸಂತೆಗೆ ಹೋಗೋಣ" ಎಂದರು ಮೇಡಂ.

ಸಂತೆಯಲ್ಲಿ ಎಲ್ಲೆಲ್ಲೂ ಜನ. ಕೋಲು ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. ಮೆಣಸಿನಕಾಯಿ ಮಾರುವ ಹೆಂಗಸು ಮೇಲೆ ನೋಡಿದಳು, ಕೆಳಗೆ ನೋಡಿದಳು, ತಲೆಗೆ ಸೆರಗು ಹೊದ್ದು "ಅಯ್ಯಯ್ಯೋ, ಜೇನು!" ಎಂದು ಕೂಗಿದಳು. ಅಷ್ಟೇ. ಜನ ಇಬ್ಭಾಗವಾದರು. ಮಧ್ಯದಲ್ಲಿ ಮೇಷ್ಟ್ರು ಯಾರಿಗೂ ತಾಗದೆ, ರಾಜರ ಹಾಗೆ ಸಂತೆ ದಾಟಿದರು.

ನಾವು ಪೆಚ್ಚಾಗಿ ಕ್ಷಮೆ ಕೇಳಿದರೆ ಅವರೇ ಸಮಾಧಾನ ಮಾಡಿದರು. "ಇರ್ಲಿ ಬಿಡ್ರಿ. ಜನ ಎಲ್ಲಿದಾರೆ ಅಂತ ನನಗೆ ಹೇಳಾಕೆ ಕೋಲು ಮಾಡಿದ್ರಿ. ಅದು ನಾನೆಲ್ಲಿದೀನಿ ಅಂತ ಜನಕ್ಕೆ ಹೇಳ್ತೈತೆ. ಎರಡೂ ಒಂದೇ!"

ಚನ್ನಗಿರಿಯಲ್ಲಿ ಡಿಕ್ಟೇಶನ್

ಎಂಬತ್ತರ ದಶಕದ ಕೊನೆಯಲ್ಲಿ ಮಾತಾಡುವ ಕಂಪ್ಯೂಟರ್ ಬಂತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಒಂದು ಗುಂಡಿ ಒತ್ತಿದರೆ, ಬ್ರಿಟಿಷ್ ದೊರೆಗಳ ದನಿಯಲ್ಲಿ ಗಟ್ಟಿಯಾಗಿ ಓದುತ್ತಿತ್ತು.

ಉಬ್ರಾಣಿಯ ಹುಡುಗಿಯೊಬ್ಬಳಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಟೈಪಿಂಗ್ ಮಾತ್ರ ಮಳೆ ಹೊಡೆದ ಹಾಗೆ. ಆದರೂ ಅರ್ಜಿ ಹಾಕಿದಲ್ಲೆಲ್ಲ ಒಂದೇ ಉತ್ತರ: "ಬರೆದದ್ದನ್ನ ನೀನೇ ಓದಿ ತಿದ್ದಾಕೆ ಆಗಲ್ಲವಲ್ಲಮ್ಮ." ಮೇಡಂ ಕಚೇರಿಯೊಂದರ ಸಾಹೇಬರ ಬೆನ್ನು ಹತ್ತಿ, ಪರೀಕ್ಷೆ ಮಾಡಿ ನೋಡಲು ಒಪ್ಪಿಸಿದರು. ಆಕೆ ಗೆದ್ದರೆ ಕೆಲಸ ಆಕೆಗೆ, ಯಂತ್ರ ಆ ಕಚೇರಿಗೆ.

ಚನ್ನಗಿರಿಯ ಶಾಲೆಯೊಂದರ ಹಾಲ್ ತುಂಬ ಜನ. ಹಿಂದಿನವರಿಗೂ ಕೇಳಲಿ ಎಂದು ನಾನು ಯಂತ್ರಕ್ಕೆ ಮದುವೆ ಮನೆಯ ಲೌಡ್‌ಸ್ಪೀಕರ್ ಜೋಡಿಸಿದ್ದೆ. ಹುಡುಗಿಯ ಅಮ್ಮ ಮೂಲೆಯಲ್ಲಿ ಕೈಮುಗಿದು ನಿಂತಿದ್ದರು.

ಸಾಹೇಬರು ಹೆಡ್‌ಕ್ಲರ್ಕ್ ಜೊತೆ ಬಂದು ಆಕೆಯ ಪಕ್ಕದಲ್ಲೇ ಕೂತರು. "ನೋಡಮ್ಮ, ನನ್ನ ಬಾಯಿಂದ ಬಂದದ್ದನ್ನೆಲ್ಲ ಒಂದಕ್ಷರ ಬಿಡದಂಗೆ ಟೈಪ್ ಮಾಡ್ಬೇಕು" ಎಂದು, ರಸ್ತೆ ರಿಪೇರಿಯ ಬಗ್ಗೆ ಹೇಳಿ ಬರೆಸಿದರು. ಆಕೆ ಗುಂಡಿ ಒತ್ತಿದಳು.

"ಚ್ಯಾನಗೈರಿ ಪಟ್ಯಾನಡ ರ್‍ಯಾಸ್ಟೆ" ಎಂದು ಯಂತ್ರ ಶುರು ಮಾಡಿದ್ದೇ ತಡ, ಹಾಲ್ ನಗುವಿನಿಂದ ಅದುರಿತು. ಆ ಗದ್ದಲದಲ್ಲಿ ಸಾಹೇಬರು ಹೆಡ್‌ಕ್ಲರ್ಕ್ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಹುಡುಗಿಯ ಬೆರಳುಗಳು ಮತ್ತೆ ಟಕಟಕ ಎಂದವು. ನಗು ಇಳಿದ ಮೇಲೆ ಆಕೆ ಇನ್ನೊಮ್ಮೆ ಗುಂಡಿ ಒತ್ತಿದಳು. ಆ ಯಂತ್ರಕ್ಕೆ ಪಿಸುಗುಟ್ಟಲು ಬರುತ್ತಿರಲಿಲ್ಲ.

"ಹುಡುಗಿ ಚೆನ್ನಾಗೇ ಮಾಡ್ತಾಳೆ ಕಣ್ರಿ," ಎಂದು ಲೌಡ್‌ಸ್ಪೀಕರ್ ದೊರೆಗಳ ದನಿಯಲ್ಲಿ ಗುಡುಗಿತು, "ಹೆಂಗಾರ ಮಾಡಿ ಫೇಲ್ ಮಾಡ್ರಿ. ಈ ಕೆಲಸ ನನ್ನ ಹೆಂಡತಿ ತಮ್ಮನಿಗೆ ಬೇಕು."

ಉಚ್ಚಾರ ಎಷ್ಟೇ ಸೊಟ್ಟಗಿದ್ದರೂ ಒಂದೊಂದು ಮಾತೂ ಎಲ್ಲರಿಗೂ ತಿಳಿಯಿತು. ಮೇಡಂ ನನ್ನ ತೋಳನ್ನು ಉಗುರು ನಾಟುವ ಹಾಗೆ ಹಿಡಿದಿದ್ದರು. ಹುಡುಗಿ ನೆಟ್ಟಗೆ ಕೂತು, "ಒಂದಕ್ಷರಾನೂ ಬಿಟ್ಟಿಲ್ಲ ಅಲ್ವಾ ಸರ್?" ಎಂದಳು.

ಮೊದಲು ನಕ್ಕವರು ಹೆಡ್‌ಕ್ಲರ್ಕ್. ಆಮೇಲೆ ಇಡೀ ಹಾಲ್. ಸಾಹೇಬರು ಬೆವರೊರೆಸಿಕೊಂಡು ಜನರ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು, ಕೊನೆಗೆ "ಪಾಸು, ಪಾಸು" ಎಂದರು. ಹುಡುಗಿಯ ಅಮ್ಮ ಓಡಿಬಂದು ಮಗಳನ್ನು ಬಿಟ್ಟು ಯಂತ್ರಕ್ಕೆ ದೃಷ್ಟಿ ತೆಗೆದರು.

ಆಕೆ ಕೆಲಸಕ್ಕೆ ಸೇರಿದ ಮೇಲೆ ಹೆಡ್‌ಕ್ಲರ್ಕ್ ಸಿಕ್ಕಿದ್ದರು. ಕಚೇರಿಯಲ್ಲಿ ಸಾಹೇಬರು ಯಾರ ಜೊತೆ ಮಾತಾಡಲು ಬಾಯಿ ತೆರೆದರೂ ಮೊದಲು ಆಕೆಯ ಕಡೆ ತಿರುಗಿ, "ಇದು ಬರೀಬೇಡಮ್ಮ" ಎನ್ನುತ್ತಾರಂತೆ. ಕಾಫಿ ತರಿಸುವಾಗಲೂ.