ಮುಡುಪು ಕಟ್ಟಿದ ಲ್ಯಾಪ್‌ಟಾಪ್

ನನ್ನನ್ನು ತಿದ್ದಬೇಕೆನಿಸಿದಾಗ ದೇವರು ಬೈಯುವುದಿಲ್ಲ, ನಾಲ್ಕು ಜನರ ಮುಂದೆ ನಗೆಪಾಟಲು ಮಾಡುತ್ತಾನೆ. ಹಾಗಾಗಿ ನನ್ನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ನನ್ನ ತವರು ರಾಯದುರ್ಗ, ಮದುವೆಯಾಗಿ ಬಂದದ್ದು ಮಡಕಶಿರಕ್ಕೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ನಮ್ಮ ಕೆಳಗಿನ ಬೀದಿಯ ಆಂಜನೇಯನ ಗುಡಿಯ ಭಜನೆ ಮಂಡಳಿ ನೋಡಿಕೊಳ್ಳುತ್ತೇನೆ. ಮೇಲಿನ ಬೀದಿಯ ರಾಮಮಂದಿರದಲ್ಲಿ ಇನ್ನೊಂದು ಮಂಡಳಿ ಇದೆ. ಅದನ್ನು ನಡೆಸುವಾಕೆ ನನಗಿಂತ ಹತ್ತು ವರ್ಷ ಚಿಕ್ಕವಳು, ಕಂಠ ಜೇನು. ಆ ಕಂಠ ಕೊಟ್ಟವನೂ ನಾನು ದಿನಾ ಪೂಜಿಸುವವನೇ ಎಂದು ನೆನಪಾದಾಗ ಮಾತ್ರ ನನ್ನ ಭಕ್ತಿ ಸ್ವಲ್ಪ ಅಲುಗಾಡುತ್ತದೆ.

ಈ ಸಲ ಏಕಾದಶಿಗೆ ಎರಡೂ ಮಂಡಳಿಗಳು ಒಂದೇ ಚಪ್ಪರದಲ್ಲಿ ಹಾಡಬೇಕೆಂದಾಯಿತು. ನಾನು ಗುಟ್ಟಾಗಿ ಹನ್ನೊಂದು ಹೊಸ ಹಾಡು ಬರೆದು ಲ್ಯಾಪ್‌ಟಾಪಿನಲ್ಲಿಟ್ಟಿದ್ದೆ. ಹದಿನೈದು ದಿನ ಇದೆ ಎನ್ನುವಾಗ ಅದು ಕೆಟ್ಟು ಕೂತಿತು. ರಿಪೇರಿ ಅಂಗಡಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದೇ ಒಂದು. ಮೇಲಿನ ಬೀದಿಯಾಕೆ ಹೋಗುವುದೂ ಅಲ್ಲಿಗೇ.

ಹಳದಿ ಬಟ್ಟೆ

ನನ್ನ ಹಾಡು ಯಾರ ಕಣ್ಣಿಗೂ ಬೀಳಬಾರದಲ್ಲ. ಹರಕೆಯ ಮುಡುಪು ಕಟ್ಟುವಂತೆ ಲ್ಯಾಪ್‌ಟಾಪನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ಮೂರು ಗಂಟು ಹಾಕಿ, ಕುಂಕುಮ ಹಚ್ಚಿ, "ಜೋಪಾನ್ರಿ" ಎಂದು ಕೊಟ್ಟು ಬಂದೆ. ದೇವರ ಹೆಸರಿನ ಗಂಟು ಬಿಚ್ಚಿ ಇಣುಕುವ ಧೈರ್ಯ ಯಾರಿಗಿದೆ?

ಯಾರಿಗೂ ಇರಲಿಲ್ಲ. ಮೂರು ದಿನ ಬಿಟ್ಟು ಹೋದರೆ ಅದು ಅಂಗಡಿಯ ವೆಂಕಟರಮಣನ ಪಟದ ಕೆಳಗೆ, ತಲೆಯ ಮೇಲೊಂದು ಚೆಂಡು ಹೂವು ಇಟ್ಟುಕೊಂಡು ಕೂತಿತ್ತು.

"ರಿಪೇರಿ ಏನಾತ್ರಿ?"

"ಮುಡುಪು ನಾವು ಬಿಚ್ಚಂಗಿಲ್ವಲ್ಲ ಮೇಡಂ," ಎಂದ ರಿಪೇರಿಯವನು. "ದಿನಾ ಎರಡು ಹೊತ್ತು ಊದುಬತ್ತಿ ಹಚ್ತಾ ಇದೀನಿ."

ಪಾಸ್‌ವರ್ಡ್

ಗಂಟನ್ನು ನಾನೇ ಬಿಚ್ಚಿದೆ. ಅವನು ಹೇಗೋ ಅದನ್ನು ಆನ್ ಮಾಡಿ, ತೆರೆಯನ್ನು ನನ್ನ ಕಡೆ ತಿರುಗಿಸಿ ಪಾಸ್‌ವರ್ಡ್ ಕೇಳಿದ. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು, ಅವರಲ್ಲೊಬ್ಬಳು ಮೇಲಿನ ಬೀದಿಯ ಮಂಡಳಿಯಲ್ಲಿ ತಾಳ ಹಾಕುವವಳು. "ಎಲ್ಲರ ಮುಂದ ಹೆಂಗ ಹೇಳ್ಲಿ? ಚೀಟಿ ಕೊಡ್ರಿ, ಬರೆದು ಕೊಡ್ತೀನಿ," ಎಂದೆ. ಕನ್ನಡಕ ಹುಡುಕಿ, ಚೀಟಿಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬರೆಯುತ್ತಿದ್ದೆ.

"ಬ್ಯಾಡ ಬಿಡಿ ಮೇಡಂ, ತೆಕ್ಕೊಂಡ್ತು," ಎಂದ ಅವನು. "ಜೈ ಹನುಮಾನ್ ಹೊಡ್ದೆ. ಕೆಳಗಿನ ಬೀದಿಯೋರದೆಲ್ಲ ಅದೇ. ಮೇಲಿನ ಬೀದಿಯೋರದು ಶ್ರೀರಾಮ."

ಜಪ

ಬೀಗ ಅಷ್ಟು ಸಡಿಲವಾದ ಮೇಲೆ ಮನೆಯಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು? ಮರುದಿನ ಜಪಮಾಲೆ ಹಿಡಿದು ಅಂಗಡಿಯ ಜಗಲಿಯ ಮೇಲೆಯೇ ಕೂತೆ. ಬಾಯಲ್ಲಿ ರಾಮನಾಮ, ಕಣ್ಣು ಮಾತ್ರ ಒಳಗಿನ ಮೇಜಿನ ಮೇಲೆ. ಸ್ವಲ್ಪ ಹೊತ್ತಿಗೆ ಮೇಲಿನ ಬೀದಿಯಾಕೆಯೇ ಬಂದಳು. ಅವಳದೂ ಕೆಟ್ಟಿತ್ತಂತೆ. ನನ್ನದಕ್ಕಿಂತ ತೆಳ್ಳಗಿತ್ತು, ಹೊಳೆಯುತ್ತಿತ್ತು. ಅದನ್ನು ನನ್ನದರ ಪಕ್ಕದಲ್ಲೇ ಇಟ್ಟಳು. ಆಮೇಲೆ ತನ್ನ ಚೀಲದಿಂದ ಜಪಮಾಲೆ ತೆಗೆದು ನನ್ನ ಪಕ್ಕದಲ್ಲೇ ಕೂತಳು. ಅವಳದು ಹೊಸ ತುಳಸಿಮಾಲೆ, ನನ್ನದರ ಮಣಿಗಳು ಸವೆದಿದ್ದವು.

"ಆರೋಗ್ಯನಾ ಅಕ್ಕಾ?"

"ದೇವರ ದಯೆ, ತಂಗಿ."

ಎರಡು ದಿನ ಹೀಗೇ ಕೂತೆವು. ಮೂರನೆಯ ದಿನ ರಿಪೇರಿಯವನು ಹೊರಗೆ ಬಂದು ಕೈ ಮುಗಿದ. "ಅಮ್ಮಾ, ಇಬ್ಬರೂ ಮನೆಗೆ ಹೋಗಿ. ಜನ ಚಪ್ಪಲಿ ಬಿಟ್ಟು, ಸುತ್ತು ಹಾಕಿ, ಹಂಗೇ ಹೋಗ್ತಾವ್ರೆ. ಕೆಟ್ಟಿರೋ ಫೋನ್ ಒಂದೂ ಒಳಕ್ಕೆ ಬಂದಿಲ್ಲ."

ಫೋನು

ಏಕಾದಶಿಗೆ ನಾಲ್ಕು ದಿನ ಇರುವಾಗ ಲ್ಯಾಪ್‌ಟಾಪ್ ಮನೆಗೆ ಬಂತು. 'ಏಕಾದಶಿ' ಎಂಬ ಫೋಲ್ಡರ್ ತೆರೆದೆ. ಮೊದಲ ಹಾಡಿನ ಕೆಳಗೆ ಮೇಲಿನ ಬೀದಿಯಾಕೆಯ ಹೆಸರು. ಅಂಗಡಿಗೆ ಫೋನು ಮಾಡಿ ಕೇಳಿದರೆ, ರಿಪೇರಿಯವನು ಎಲ್ಲವನ್ನೂ ಮೊದಲು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು ಆಮೇಲೆ ಹಿಂದಕ್ಕೆ ಹಾಕಿದ್ದನಂತೆ. ಫೋಲ್ಡರಿಗೆ ಇಬ್ಬರೂ ಇಟ್ಟಿದ್ದ ಹೆಸರು ಒಂದೇ, ಅದಲು ಬದಲಾಗಿತ್ತು. ಹಾಗಾದರೆ ನನ್ನ ಹನ್ನೊಂದೂ ಹಾಡು ಯಾರ ಕೈಯಲ್ಲಿವೆ ಎಂದು ಹೊಳೆಯಿತು. ತೆರೆ ಮುಚ್ಚಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೂತೆ.

ಮರುದಿನ ಬೆಳಿಗ್ಗೆ ಅವಳೇ ಫೋನು ಮಾಡಿದಳು. "ಅಕ್ಕಾ, ನಿಮ್ಮ ಹಾಡು ನನ್ನತ್ರ ಬಂದವೆ. ದೇವರಾಣೆ, ಒಂದನ್ನೂ ನಾನು ಓದಿಲ್ಲ."

"ನಿನ್ನವೂ ನನ್ನ ಹತ್ರ ಅದಾವಮ್ಮ. ಆಂಜನೇಯನಾಣೆ, ನಾನೂ ಓದಿಲ್ಲ."

ಇಬ್ಬರೂ ಫೋನು ಇಡಲಿಲ್ಲ.

"ಆ ನಾಲ್ಕನೇ ಹಾಡಲ್ಲಿ ದೇವರನ್ನ ತೊಟ್ಟಿಲಿಗೆ ಹಾಕೋ ಜಾಗ ಐತಲ್ಲಕ್ಕ," ಎಂದಳು ಮೆಲ್ಲಗೆ, "ಅಲ್ಲಿ ಅತ್ತುಬಿಟ್ಟೆ."

"ಓದಿಲ್ಲ ಅಂದ್ಯಲ್ಲ?"

"ನಾನು ಓದಿಲ್ಲಕ್ಕ. ನಮ್ಮ ಯಜಮಾನ್ರು ಓದಿದ್ರು. ಕಣ್ಣು ಮುಚ್ಕೊಂಡು ಪಕ್ಕದಾಗೆ ಕೂತಿದ್ದೆ, ಹನ್ನೊಂದೂ ಮುಗಿಯೋಗಂಟ."

ನನ್ನ ಹಾಡಿಗೆ ಅವಳು ಅತ್ತಳೆಂದು ಒಂದು ಗಳಿಗೆ ಮನಸ್ಸು ತಣ್ಣಗಾಯಿತು. ಮರುಗಳಿಗೆಗೇ ಹೊಟ್ಟೆ ಉರಿಯಿತು. ಕಂಠ ಕೊಟ್ಟ, ತೆಳ್ಳನೆಯ ಲ್ಯಾಪ್‌ಟಾಪ್ ಕೊಟ್ಟ, ಹನ್ನೊಂದು ಹಾಡು ಎಚ್ಚರವಾಗಿದ್ದು ಓದುವ ಗಂಡನನ್ನೂ ಅವಳಿಗೇ ಕೊಟ್ಟನಲ್ಲ ಆ ಭಗವಂತ. ಹಿಂದಿನ ರಾತ್ರಿ ನಾನೂ ನಮ್ಮವರಿಗೆ ಎರಡು ಲೋಟ ಕಾಫಿ ಕುಡಿಸಿ ಓದಲು ಕೂಡಿಸಿದ್ದೆ, ಅವಳ ಮೂರನೆಯ ಹಾಡಿಗೇ ಗೊರಕೆ ಹೊಡೆದರು.