ಮೂರು ಸಾಂದ್ರಿಕೆಗಳ ಮುಂಬಡ್ತಿ ಪ್ರಕರಣ

೨೦೦೪ನೇ ಇಸವಿ ಮೇ ೧೬, ಭಾನುವಾರ. ವೀರಭದ್ರಮ್ಮನವರ ಆ ವರ್ಷದ ಡೈರಿಯಲ್ಲಿ ಹೀಗಿದೆ: "ಶೈಲಜಾಳ ಮದುವೆ ಸಿರುಗುಪ್ಪದಲ್ಲಿ ಸುಸೂತ್ರ. ಊಟದ ಎಲೆ ೮೧೪. ಹೋಳಿಗೆ ಸಾಕಾಯಿತು, ತುಪ್ಪ ಸಾಲಲಿಲ್ಲ. ಮಧ್ಯಾಹ್ನ ೨ ಗಂಟೆ ೧೦ ನಿಮಿಷಕ್ಕೆ ಇವರು ಮೈಕ್ ಹಿಡಿದು ಸತ್ಯ ಹೇಳಿದರು."

ಇವರು ಎಂದರೆ ಪತಿ ಮರಿಬಸಪ್ಪ ಮಾಸ್ತರು. ಸತ್ಯ ಎಂದರೆ, ಮಾಸ್ತರು ಬಿ.ಎ. ಪಾಸಾದದ್ದು ಹೆಂಡತಿ ಬರೆದ ನೋಟ್ಸ್ ಓದಿ, ಅದೂ ಮೂರನೇ ಸಲಕ್ಕೆ, ಎಂಬುದು. ಹೆಂಡತಿಯದು ೧೯೭೮ರಲ್ಲಿ ಮೊದಲ ಸಲಕ್ಕೇ ಪ್ರಥಮ ದರ್ಜೆ. ಇದನ್ನು ಮಾಸ್ತರು ಬೀಗರ ಎದುರು ನಗುನಗುತ್ತಾ ಒಪ್ಪಿಕೊಂಡರು. ಒಟ್ಟು ಹದಿನಾಲ್ಕು ಸೆಕೆಂಡು. ವಿಡಿಯೋದವನು ಅದನ್ನು ಹಿಡಿದು, ಇಡೀ ಮದುವೆಯನ್ನು ಮೂರು ವಿಸಿಡಿಗಳಲ್ಲಿ ತುಂಬಿ, ಗುಲಾಬಿ ಚಿತ್ರದ ಡಬ್ಬಿಯಲ್ಲಿಟ್ಟು ಮನೆಗೆ ತಲುಪಿಸಿದ. ಏಳು ವರ್ಷದ ಮೇಲೆ ಮಾಸ್ತರು ಲಿಂಗೈಕ್ಯರಾದರು. ಮರುವರ್ಷ ಮನೆಯ ಡಿವಿಡಿ ಪ್ಲೇಯರೂ ಅವರ ಹಾದಿ ಹಿಡಿಯಿತು.

ಅಲ್ಲಿಂದೀಚೆಗೆ ಸತ್ಯವು ಡಬ್ಬಿಯೊಳಗೆ ತಣ್ಣಗಿತ್ತು. ಅದಕ್ಕೆ ಭಂಗ ಬಂದದ್ದು ಮಾಸ್ತರ ತಮ್ಮ ಚನ್ನಬಸವರಾಜರು ಅಣ್ಣನ ಹೆಸರಿನಲ್ಲಿ ಸ್ಮರಣ ಸಂಚಿಕೆ ತರಲು ಹೊರಟಾಗ. ಕರಡನ್ನು ಬಳ್ಳಾರಿಯ ಮನೆಗೇ ತಂದು ಅತ್ತಿಗೆಯ ಕೈಗೆ ಕೊಟ್ಟರು. ಹನ್ನೊಂದನೇ ಪುಟದಲ್ಲಿ ಇತ್ತು: "ಮಾಸ್ತರು ತಮ್ಮ ಧರ್ಮಪತ್ನಿಗೂ ತಾವೇ ಪಾಠ ಹೇಳಿ, ಬಿ.ಎ. ಪಾಸು ಮಾಡಿಸಿದ ಉದಾರಿಗಳು."

ವೀರಭದ್ರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಸಾಲು ಹಾಗೇ ಇತ್ತು.

"ಇದನ್ನ ಯಾರು ಹೇಳಿದ್ರೋ ನಿನಗ?"

"ಯಾರು ಹೇಳಬೇಕ್ರಿ ಅತ್ತಿಗೆಮ್ಮ? ಅಣ್ಣ ಮಾಸ್ತರ, ನೀವು ಮಾಸ್ತರ ಹೆಂಡ್ತಿ. ನೀರು ಯಾವ ಕಡಿಯಿಂದ ಯಾವ ಕಡಿಗೆ ಹರೀತೈತಿ?"

"ನನ್ನ ಮಾರ್ಕ್ಸ್ ಕಾರ್ಡ್ ನೋಡು."

"ಕಾರ್ಡಿನ್ಯಾಗ ಮಾರ್ಕ್ಸ್ ಇರತಾವ. ಪಾಠ ಹೇಳಿದವರ ಹೆಸರು ಇರಂಗಿಲ್ಲ."

"ಡೈರಿ ನೋಡು ಹಂಗಾದ್ರ."

"ಡೈರಿ ನೀವ ಬರದದ್ದು. ಅಣ್ಣ ಅಂದದ್ದು ಪುರಾವೆ ಸಮೇತ ತೋರಿಸ್ರಿ, ಆ ಸಾಲು ಕಿತ್ತು ಒಗೀತೀನಿ. ಇಪ್ಪತ್ತನೇ ತಾರೀಖು ಪ್ರೆಸ್ಸಿಗೆ ಹೋಗತೈತಿ."

ಗುಲಾಬಿ ಡಬ್ಬಿ ಹೊರಬಂತು. ಮಗಳು ಶೈಲಜಾ ತನ್ನ ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ತೋರಿಸಿದಳು. "ಅವ್ವಾ, ಈಗಿನವಕ್ಕ ಸಿಡಿ ತುರುಕೋ ಜಾಗಾನ ಇಡಂಗಿಲ್ಲ." ಸಿಡಿ ನಕಲು ಮಾಡಿಕೊಡುವ ಸ್ಟುಡಿಯೋದವನಂತೂ ಡಬ್ಬಿ ನೋಡಿದೊಡನೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಮಂಡಳಿ ಮುದ್ರಿ ಇಲ್ಲದ ಸಿಡಿ ಮುಟ್ಟಿದ್ರ ಅಂಗಡಿಗೆ ಬೀಗ ಹಾಕತಾರಮ್ಮ. ಮೊದಲು ಅಲ್ಲಿ ಹೋಗಿ ಬರ್ರಿ."

ಮಂಡಳಿ ಎಂದರೆ ಗೃಹ ದೃಶ್ಯಸಾಂದ್ರಿಕೆ ಸಂರಕ್ಷಣಾ ಮಂಡಳಿ. ಜನರು ಸಿಡಿ ಎಂದು ಕರೆಯುವ ವಸ್ತುವು ಮನೆಮನೆಯಲ್ಲೂ ನಶಿಸುತ್ತಿರುವುದನ್ನು ಕಂಡು ಮರುಗಿ, ಅದರ ಭವಿಷ್ಯವನ್ನು ಭದ್ರಪಡಿಸಲು ಹುಟ್ಟಿದ ಸಂಸ್ಥೆ. ಯಾವ ಬಗೆಯ ಯಂತ್ರ ಕೊಳ್ಳಬೇಕೆಂಬ ಬಗ್ಗೆ ಖರೀದಿ ಸಮಿತಿಯ ಮೂವರು ಸದಸ್ಯರಲ್ಲಿ ತಾತ್ವಿಕ ಭಿನ್ನಾಭಿಪ್ರಾಯವಿತ್ತು. ಒಬ್ಬರ ಭಾವಮೈದುನನ ಗೋದಾಮಿನಲ್ಲಿ ವಿಸಿಡಿ ಯಂತ್ರ ಉಳಿದಿತ್ತು. ಇನ್ನೊಬ್ಬರ ಅಳಿಯನಲ್ಲಿ ಡಿವಿಡಿ. ಮೂರನೆಯವರ ಷಡ್ಡಕನಲ್ಲಿ ಬ್ಲೂ-ರೇ. ಯಾರೂ ತತ್ವ ಬಿಟ್ಟುಕೊಡಲಿಲ್ಲವಾಗಿ, ಬಳ್ಳಾರಿಗೆ ವಿಸಿಡಿ, ಸಿರುಗುಪ್ಪಕ್ಕೆ ಡಿವಿಡಿ, ಕುರುಗೋಡಿಗೆ ಬ್ಲೂ-ರೇ ಎಂದು ನ್ಯಾಯವಾಗಿ ಹಂಚಲಾಯಿತು. ಹಂಚಿದ ಮೇಲೆ ಅದಕ್ಕೆ ಒಪ್ಪುವ ನಿಯಮಾವಳಿ ಬರೆಯಲಾಯಿತು.

ಬಳ್ಳಾರಿ ಕಚೇರಿ ಕೋಟೆ ಗುಡ್ಡದ ಕೆಳಗೆ, ಜೀನ್ಸ್ ಹೊಲಿಯುವ ಘಟಕವೊಂದರ ಮಹಡಿಯಲ್ಲಿತ್ತು. ಕೆಳಗಿನ ಹೊಲಿಗೆ ಯಂತ್ರಗಳಿಗೆ ಮೇಲಿನ ಗೋಡೆಯ ಪ್ರಕಟಣೆ ಸದಾ ನಡುಗುತ್ತಿತ್ತು. ವೀರಭದ್ರಮ್ಮ ಅದನ್ನು ನಿಂತೇ ಓದಿದರು.

"ಒಂದು: ಸಾಂದ್ರಿಕೆಯನ್ನು ಮದುವೆ ನಡೆದ ತಾಲೂಕಿನಲ್ಲಿಯೇ ನೋಡತಕ್ಕದ್ದು. ಎರಡು: ಒಂದು ದರ್ಜೆಯ ಸಾಂದ್ರಿಕೆಯನ್ನು ಮತ್ತೊಂದು ದರ್ಜೆಯ ಯಂತ್ರಕ್ಕೆ ಹಾಕತಕ್ಕದ್ದಲ್ಲ. ಮೂರು: ನೋಡುವುದರಿಂದ ಸಾಂದ್ರಿಕೆಯು ಸವೆಯುವುದರಿಂದ, ನೋಡದಿರುವುದು ಶ್ರೇಯಸ್ಕರ."

ಗುಮಾಸ್ತ ತಿಪ್ಪೇಸ್ವಾಮಿ ಅರ್ಜಿ ಬರೆದುಕೊಳ್ಳತೊಡಗಿದ.

"ಮದುವಿ ಎಲ್ಲಾತ್ರಿ?"

"ಸಿರುಗುಪ್ಪ."

"ಸಿಡಿ ಯಾವುದು?"

"ವಿಸಿಡಿ."

ತಿಪ್ಪೇಸ್ವಾಮಿ ಲೊಚಗುಟ್ಟಿದ. "ತಪ್ಪು ಮಾಡೀರಿ. ಬಳ್ಳಾರ್ಯಾಗ ಮದುವಿ ಮಾಡಿದ್ರ ಇಲ್ಲೇ ಕುಂತು ನೋಡಬಹುದಿತ್ತು."

"ಇಪ್ಪತ್ತೊಂದು ವರ್ಷದ ಹಿಂದ ನಿಮ್ಮ ಮಂಡಳಿ ಎಲ್ಲಿತ್ತಪ್ಪ?"

"ಅದು ನಮ್ಮ ತಪ್ಪಲ್ರಿ." ಅವನು ಪೆನ್ನು ಕಚ್ಚಿ ಯೋಚಿಸಿದ. "ಮದುವಿನ ವರ್ಗಾವಣೆ ಮಾಡಾಕ ಬರಂಗಿಲ್ಲ. ಆದ್ರ ಸಿಡಿಗೆ ಮುಂಬಡ್ತಿ ಕೊಡಿಸಬಹುದು. ವಿಸಿಡಿ ಅಂದ್ರ ಜವಾನ ಇದ್ದಂಗ, ಡಿವಿಡಿ ಅಂದ್ರ ಗುಮಾಸ್ತ, ಬ್ಲೂ-ರೇ ಅಂದ್ರ ಸಾಹೇಬ. ಸೇವೆ ಎಷ್ಟು ವರ್ಷ ಆತು?"

"ಹೇಳಿದೆನಲ್ಲ, ಇಪ್ಪತ್ತೊಂದು."

"ಅರ್ಹತೆ ಐತಿ. ಇದರ ಮ್ಯಾಲೆ ಏನರ ದೂರು?"

"ಎರಡನೇದು ನಡುನಡುವ ನಿಲ್ಲತಿತ್ತು."

"ಅದನ್ನ ಯಾರ ಮುಂದೂ ಹೇಳಬ್ಯಾಡ್ರಿ," ಎಂದು ತಿಪ್ಪೇಸ್ವಾಮಿ ದನಿ ತಗ್ಗಿಸಿ, "ನಡತೆ ತೃಪ್ತಿಕರ" ಎಂದು ಬರೆದ. ಮುಂಬಡ್ತಿ ಕೊಡುವ ಅಧಿಕಾರ ಕುರುಗೋಡಿನ ಸಾಹೇಬ ಯಂತ್ರಕ್ಕೆ. ಆದರೆ ಅದಕ್ಕೂ ಮುನ್ನ ಸಿರುಗುಪ್ಪದಿಂದ, ಅಲ್ಲಿ ಡಿವಿಡಿ ಹುದ್ದೆ ಖಾಲಿ ಇದೆ ಎಂಬ ಪತ್ರ ಬೇಕು.

ಸಿರುಗುಪ್ಪದ ಕಚೇರಿಯಲ್ಲಿ ಹೊನ್ನೂರಸ್ವಾಮಿ ಎಂಬ ಅಧಿಕಾರಿ ಪತ್ರವನ್ನು ಬೇಗನೇ ಕೊಟ್ಟರು. ಅಲ್ಲಿ ಎಲ್ಲ ಹುದ್ದೆಗಳೂ ಖಾಲಿ ಇದ್ದವು. ಇದುವರೆಗೆ ಒಂದೂ ಡಿವಿಡಿ ಬಂದಿರಲಿಲ್ಲ. ಮೇಜಿನ ಮೇಲಿನ ಯಂತ್ರಕ್ಕೆ ಆಯುಧಪೂಜೆಯ ಚೆಂಡುಹೂವಿನ ಹಾರ ಒಣಗಿ ಅಂಟಿತ್ತು. ವೀರಭದ್ರಮ್ಮ ಅದನ್ನೇ ನೋಡುತ್ತಿದ್ದರು. ಇಂಥದೇ ಯಂತ್ರ ತಮ್ಮ ಮನೆಯಲ್ಲಿತ್ತು.

"ತಮ್ಮಾ, ಡಿವಿಡಿ ಯಂತ್ರದಾಗ ವಿಸಿಡಿ ಓಡತೈತಿ. ನಮ್ಮ ಮನ್ಯಾಗ ಓಡತಿತ್ತು. ಹದಿನಾಲ್ಕ ಸೆಕೆಂಡು. ಹಾಕಿಬಿಡು, ನಿನ್ನ ಪುಣ್ಯ."

ಹೊನ್ನೂರಸ್ವಾಮಿ ಯಂತ್ರದ ಕಡೆ ಮರುಕದಿಂದ ನೋಡಿದರು. "ಓಡತೈತ್ರಿ ಅಮ್ಮ. ಅದಕ್ಕ ಬುದ್ಧಿ ಇಲ್ಲ, ಯಾವುದು ಕೊಟ್ರೂ ಓಡಿಸತೈತಿ. ಅದಕ್ಕಂತನ ನನ್ನನ್ನ ಇಲ್ಲಿ ಕುಂದರಿಸ್ಯಾರ."

ವೀರಭದ್ರಮ್ಮ ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದವರು. ಈ ವಾದದಲ್ಲಿ ಅವರಿಗೆ ಯಾವ ದೋಷವೂ ಸಿಗಲಿಲ್ಲ. ಪತ್ರ ಮಡಚಿಕೊಂಡು ಬಸ್ ಹತ್ತಿದರು.

ಕುರುಗೋಡಿಗೆ ತಲುಪಿದಾಗ ಹದಿನೇಳನೇ ತಾರೀಖು. ಅಲ್ಲಿನ ಅಧಿಕಾರಿ ಕೊಟ್ರಬಸಮ್ಮ ಕುರ್ಚಿ ಕೊಟ್ಟು, ಚಹಾ ತರಿಸಿ, ಮೇಜಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯತ್ತ ಅಭಿಮಾನದಿಂದ ಕೈ ತೋರಿದರು. ಪೆಟ್ಟಿಗೆಯ ಟೇಪು ಇನ್ನೂ ಬಿಚ್ಚಿರಲಿಲ್ಲ.

"ಬ್ಲೂ-ರೇ. ತೆರೆದ ದಿನದಿಂದ ಎರಡು ವರ್ಷ ವಾರಂಟಿ ಐತ್ರಿ. ಬಂದು ಆರು ವರ್ಷ ಆತು, ಇನ್ನೂ ಒಂದು ದಿನಾನೂ ಖರ್ಚು ಮಾಡಿಲ್ಲ ನಾವು."

"ಮುಂಬಡ್ತಿ ಹೆಂಗ ಕೊಡತೀರಿ ಹಂಗಾದ್ರ?"

"ಇಲ್ಲೀತನಕ ಯಾರಿಗೂ ಕೊಟ್ಟಿಲ್ಲ. ಮೂರು ಕಚೇರ್ಯಾಗ ನಮ್ಮದ ಉತ್ತಮ ಕಚೇರಿ ಅಂತ ಪ್ರಶಸ್ತಿ ಬಂದೈತಿ." ಕೊಟ್ರಬಸಮ್ಮ ಗುಲಾಬಿ ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು. "ಒಂದು ಮಾತು ಕೇಳತೀನಿ, ಬ್ಯಾಸರ ಮಾಡಿಕೋಬ್ಯಾಡ್ರಿ. ನಿಮಗ ಬೇಕಾದದ್ದು ನೋಡೋದೋ, ಪುರಾವೆಯೋ?"

ವೀರಭದ್ರಮ್ಮ ಚಹಾದ ಲೋಟ ಕೆಳಗಿಟ್ಟರು. ಮಾಸ್ತರ ದನಿ ಕೇಳಿ ಹದಿಮೂರು ವರ್ಷವಾಗಿತ್ತು. ಮೈಕ್ ಹಿಡಿಯುವ ಮುನ್ನ ಅವರು ಒಮ್ಮೆ ಕೆಮ್ಮಿದ್ದು ನೆನಪಿತ್ತು. ಆಮೇಲಿನ ದನಿ ಎಷ್ಟು ನೆನೆದರೂ ಹತ್ತಿರ ಬರುತ್ತಿರಲಿಲ್ಲ. ಹನ್ನೊಂದನೇ ಪುಟವೋ, ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

"ಪುರಾವೆ," ಎಂದರು.

"ಹಂಗಾದ್ರ ಸಸಾರ. ಪಂಚನಾಮೆ ಮಾಡೋಣ."

ನಿಯಮದ ಪ್ರಕಾರ, ಆ ಮದುವೆಯಲ್ಲಿ ಊಟ ಮಾಡಿದ ಐವರು ಪಂಚರಾಗಬೇಕು, ಅವರಲ್ಲಿ ಒಬ್ಬರು ತಕರಾರು ಇದ್ದವರೇ ಆಗಬೇಕು. ಹತ್ತೊಂಬತ್ತನೇ ತಾರೀಖು ಕರೂರಿನ ಬೀಗರು ನಾಲ್ವರು ಬಂದರು. ಐದನೆಯವರು ಚನ್ನಬಸವರಾಜರು. ಶೈಲಜಾ ತಾಯಿಯ ಪಕ್ಕ ಕುಳಿತಳು. ಕೊಟ್ರಬಸಮ್ಮ ಮೊದಲನೇ ಸಿಡಿಯನ್ನು ಹಿರಿಯ ಬೀಗರ ಕೈಗೆ ಕೊಟ್ಟು ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿದರು.

"ಏನು ಕಾಣತೈತ್ರಿ?"

"ನನ್ನ ಮಾರಿನ ಕಾಣತೈತಿ."

"ಸಾಂದ್ರಿಕೆಯಲ್ಲಿ ವ್ಯಕ್ತಿಗಳು ಕಂಡುಬಂದರು," ಎಂದು ಕೊಟ್ರಬಸಮ್ಮ ಬರೆದರು. "ಮತ್ತ?"

"ಕಾಮನಬಿಲ್ಲು ಇದ್ದಂಗ ಐತಿ."

"ದೃಶ್ಯಗಳು ವರ್ಣಮಯವಾಗಿವೆ. ಮರಿಬಸಪ್ಪನವರು ಮಾತಾಡಿದ್ದು ನೆನಪೈತೇನ್ರಿ?"

"ಮಾತಾಡಿದ್ರು. ಅವಾಗ ನಾನು ತುಪ್ಪ ತರ್ರಲೇ ಅಂತ ಒದರಾಕ ಹತ್ತಿದ್ದೆ. ಕೊನಿಗೂ ತರಲಿಲ್ಲ ನೋಡ್ರಿ."

"ಭಾಷಣ ನಡೆದದ್ದು ನಿಜ. ಸಭಿಕರು ಸ್ಪಂದಿಸಿದರು."

ಕೊನೆಗೆ ನಿರ್ಣಯವನ್ನು ಗಟ್ಟಿಯಾಗಿ ಓದಲಾಯಿತು: "ಸದರಿ ಸಾಂದ್ರಿಕೆಗಳಲ್ಲಿ ಇರುವುದು ಇದ್ದೇ ಇದೆ ಎಂದೂ, ಅರ್ಜಿದಾರರು ಇದೆ ಎಂದು ಹೇಳುವುದನ್ನು ಇಲ್ಲವೆನ್ನಲು ಯಾರಿಂದಲೂ ಆಗಿಲ್ಲವೆಂದೂ ಪಂಚರು ಒಮ್ಮತದಿಂದ ತೀರ್ಮಾನಿಸಿದ್ದಾರೆ." ನಾಲ್ವರು ಬೀಗರು ಸಹಿ ಹಾಕಿ ಊಟದ ವಿಚಾರ ಕೇಳಿದರು. ಚನ್ನಬಸವರಾಜರ ಪೆನ್ನು ಮಾತ್ರ ಗಾಳಿಯಲ್ಲೇ ನಿಂತಿತು.

"ಅಣ್ಣನ ಮಾತು ಕೇಳದ ಹೆಂಗ್ರಿ ಸಹಿ ಹಾಕಲಿ?"

"ಕೇಳಿ ಹಾಕಿದ್ರ ಅದು ಸಾಕ್ಷಿ. ಕೇಳದ ಹಾಕಿದ್ರನ ಪಂಚನಾಮೆ," ಎಂದರು ಕೊಟ್ರಬಸಮ್ಮ.

ಎರಡು ಅವಧಿಗೆ ಪಂಚಾಯಿತಿ ಸದಸ್ಯರಾಗಿದ್ದ ಚನ್ನಬಸವರಾಜರಿಗೆ ಇದು ಕೂಡಲೇ ಅರ್ಥವಾಯಿತು. ಸಹಿ ಬಿತ್ತು.

ಉಳಿದದ್ದು ಮುದ್ರೆ. ಸಿಡಿಯ ಒಂದು ಮೈಗೆ ವಧೂವರರ ಫೋಟೋ ಇತ್ತು. ಅದು ಕೆಡಬಾರದೆಂದು ಕೊಟ್ರಬಸಮ್ಮ ಹೊಳೆಯುವ ಮೈ ಮೇಲೆ ಮಾಡಿಟ್ಟರು. ಮೇಣದಬತ್ತಿ ಹಚ್ಚಿ ಅರಗಿನ ಕಡ್ಡಿ ಕಾಯಿಸಿದರು. ಕೆಂಪು ಹನಿ ಟಪ್ಪನೆ ಬಿದ್ದು ಸುಯ್ ಎಂದಿತು.

"ಅವ್ವಾ!" ಶೈಲಜಾ ಎದ್ದು ನಿಂತಳು. "ಅದು ಇನ್ನ ಓಡಂಗಿಲ್ಲ! ಅಪ್ಪ ಅದರಾಗ ಅದಾನ!"

"ಓಡಬಾರದು ಅಂತನ ಹಾಕೋದು ತಂಗಿ. ಇನ್ನ ಯಾರ ಕೈಲೂ ತಿದ್ದಾಕ ಆಗಂಗಿಲ್ಲ. ನಿಮ್ಮಪ್ಪ ಅಂದದ್ದು ಅಂದಂಗ ಇರತೈತಿ."

ಎಲ್ಲರೂ ವೀರಭದ್ರಮ್ಮನವರ ಮುಖ ನೋಡಿದರು. ಅವರ ಕೈ ಮೇಜಿನ ಅರ್ಧದವರೆಗೆ ಹೋಗಿತ್ತು. ಅಲ್ಲೇ ಇಟ್ಟು, ಸೆರಗು ಸರಿಮಾಡಿಕೊಂಡು ಹೇಳಿದರು: "ನೆಟ್ಟಗ ಒತ್ತ್ರಿ. ಅಕ್ಷರ ಮೂಡಬೇಕು."

ಅಕ್ಷರ ಮೂಡಿತು. ಮೂರೂ ಸಿಡಿಗಳ ನಡುವಿನ ತೂತಿಗೆ ದಾರ ಪೋಣಿಸಿ ಕಡತಕ್ಕೆ ಕಟ್ಟಲಾಯಿತು.

ಸ್ಮರಣ ಸಂಚಿಕೆ ಹೇಳಿದ ದಿನವೇ ಪ್ರೆಸ್ಸಿಗೆ ಹೋಯಿತು. ಹನ್ನೊಂದನೇ ಪುಟದಲ್ಲಿ ಈಗ ಇದೆ: "ಮಾಸ್ತರು ತಮ್ಮ ಧರ್ಮಪತ್ನಿಯ ನೋಟ್ಸ್ ಓದಿ ಮೂರನೇ ಸಲಕ್ಕೆ ಬಿ.ಎ. ಪಾಸಾದರು. ಪುರಾವೆ: ಕುರುಗೋಡು ಕಚೇರಿ, ಕಡತ ಸಂಖ್ಯೆ ೧. ನೋಡಲು ಅವಕಾಶವಿಲ್ಲ." ಎದುರು ಪುಟದಲ್ಲಿ ಅರಗು ಬಿದ್ದ ಮೂರು ಸಿಡಿಗಳ ಬಣ್ಣದ ಫೋಟೋ. ಬಿಡುಗಡೆಯ ದಿನ ಆ ಪುಟ ಎತ್ತಿ ತೋರಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಮುದ್ರೆ ಬಹಳ ಚೆಂದ ಬಂದಿದೆ ಎಂದು ಸ್ಟುಡಿಯೋದವನೂ ಒಪ್ಪಿದ.

ಮಂಡಳಿಯೂ ಇದರಿಂದ ಪಾಠ ಕಲಿಯಿತು. ಈಗ ಮೂರೂ ಕಚೇರಿಗಳಲ್ಲಿ ಅರಗಿನ ಕೆಲಸ ಮಾತ್ರ ನಡೆಯುತ್ತದೆ. ಅರಗಿನ ಕೆಳಗೆ ವಿಸಿಡಿ, ಡಿವಿಡಿ, ಬ್ಲೂ-ರೇ ಎಂಬ ಭೇದ ಉಳಿಯುವುದಿಲ್ಲವಾದ್ದರಿಂದ ಖರೀದಿ ಸಮಿತಿಯ ಭಿನ್ನಾಭಿಪ್ರಾಯವೂ ಬಗೆಹರಿದಿದೆ. ಕರೂರಿನಲ್ಲಿ ಮೊನ್ನೆ ನಡೆದ ಮದುವೆಯಲ್ಲಿ ವಿಡಿಯೋದವನನ್ನು ಕರೆಸದೆ, ತಾಳಿ ಕಟ್ಟಿದ ಮುಹೂರ್ತದಲ್ಲೇ ಖಾಲಿ ಸಿಡಿಯೊಂದಕ್ಕೆ ಮುದ್ರೆ ಒತ್ತಿಸಿದರು. ಬೀಗರಿಗೆಲ್ಲ ಅದು ಹಿಡಿಸಿತು.

ವೀರಭದ್ರಮ್ಮನವರಿಗೆ ಒಟ್ಟು ತಗುಲಿದ್ದು ಇಷ್ಟು: ಬಸ್ಸಿಗೆ ಏನಿಲ್ಲ, ಹೆಂಗಸರಿಗೆ ಉಚಿತ. ಅರ್ಜಿ ಶುಲ್ಕ ಮೂರು ಕಚೇರಿ ಸೇರಿ ಮುನ್ನೂರ ಅರವತ್ತು ರೂಪಾಯಿ. ಪಂಚರ ಊಟ, ತುಪ್ಪ ಸಮೇತ, ಒಂಬೈನೂರ ಐವತ್ತು. ಅರಗು ಮತ್ತು ಮೇಣದಬತ್ತಿ ನಲವತ್ತೈದು. ಮರಿಬಸಪ್ಪನವರ ದನಿ, ಹದಿನಾಲ್ಕು ಸೆಕೆಂಡು.