ನೀರು ಹಾಕದ ಪಿಚ್ಚು

ಸೆಡ್ರಿಕ್ ಅಂಬ್ಲರ್‌ನ ಗ್ರಹಚಾರ ಶುರುವಾದದ್ದು ಒಂದು ಲೋಟ ಬಿಯರಿನಿಂದ. ಶುಕ್ರವಾರ ಅದನ್ನು ಪಿಚ್ಚು ನೋಡಿಕೊಳ್ಳುವ ಎಫ್ರೈಮನ ಮುಂದಿಟ್ಟು, "ಎಫ್ರೈಮಣ್ಣಾ, ಒಂದು ಹನಿ ನೀರೂ ಹಾಕ್ಬೇಡ, ರೋಲರ್ರೂ ಹೊಡೀಬೇಡ. ಪಿಚ್ಚು ಒಣಗಿದ್ರೇನೇ ನನ್ನ ಬಾಲು ತಿರುಗೋದು. ನಾಳೆ ವಿಕೆಟ್ ಬೀಳ್ದಿದ್ರೆ ನನ್ನ ಕೆಲ್ಸ ಹೋಯ್ತು ಅಂತಲೇ ಲೆಕ್ಕ," ಎಂದು ಗೋಗರೆದಿದ್ದ.

ಮಾತು ನಿಜವೇ. ಲಂಕಾಶೈರಿನ ಆ ಗಿರಣಿ ಊರಿನ ಕ್ಲಬ್ಬು ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಆಟಗಾರ ಅವನೊಬ್ಬನೇ. ಒಂದು ಕಾಲಕ್ಕೆ ಕೌಂಟಿಗೆ ಆಡಿದ ಸ್ಪಿನ್ನರ್. ಈಗ ವಯಸ್ಸು ನಲವತ್ತು, ವಿಕೆಟ್ಟಿಗೆ ಬರಗಾಲ. ಮುಂದಿನ ವರ್ಷ ಅವನು ಬೇಕೋ ಬೇಡವೋ ಎಂದು ಕಮಿಟಿ ಶನಿವಾರದ ಪಂದ್ಯ ನೋಡಿ ತೀರ್ಮಾನಿಸುವುದಿತ್ತು.

ರಾತ್ರಿಯಿಡೀ ಮಗ್ಗುಲು ಬದಲಿಸಿ ಬೆಳಿಗ್ಗೆ ಓಡಿ ಬಂದರೆ, ಎಫ್ರೈಮ ಹಲ್ಲು ಕಿರಿದ.

"ನೀರು ಹಾಕ್ಲಿಲ್ಲ. ಜೊತೆಗೆ ತಂತಿ ಬ್ರಶ್ಶಲ್ಲಿ ತಿಕ್ಕಿದ್ದೀನಿ. ಕುಡಿದ ಋಣ ಇಟ್ಕೊಳ್ಳೋನಲ್ಲ ನಾನು!"

ಸೆಡ್ರಿಕ್‌ನ ಮೊದಲ ಚೆಂಡೇ ಧೂಳೆಬ್ಬಿಸಿ, ಬ್ಯಾಟನ್ನೂ ವಿಕೆಟ್ಟನ್ನೂ ಕೀಪರನನ್ನೂ ತಪ್ಪಿಸಿಕೊಂಡು ಬೌಂಡರಿಗೆ ಹೋಯಿತು. ಮುಂದಿನವೂ ಹಾಗೆಯೇ. ಚಹಾ ಕಾಯಿಸುತ್ತಿದ್ದ ಮಿಸೆಸ್ ಟಾಟರ್ಸಾಲ್ ಅಲ್ಲಿಂದಲೇ ಕೂಗಿದಳು:

"ಅಷ್ಟೊಂದು ತಿರುಗಿಸ್ಬೇಡ್ವೋ ಸೆಡ್ರಿಕ್! ಬ್ಯಾಟಿಗೆ ತಾಗಿದ್ರೆ ತಾನೆ ಔಟಾಗೋದು!"

ಕಡಿಮೆ ತಿರುಗಿಸಲು ಹೋದ, ಪಿಚ್ಚು ಕೇಳಲಿಲ್ಲ. ಸಿಕ್ಕಿದ್ದು ಸೊನ್ನೆ ವಿಕೆಟ್.

ಆಮೇಲೆ ಎದುರು ತಂಡದ ಡಿಗ್ಬಿ ಬೌಲಿಂಗಿಗೆ ಬಂದ. ಅವನದು ಕರಿದ ಮೀನಿನ ಅಂಗಡಿ. ಸ್ಪಿನ್ನರ್ ಅನ್ನುವುದು ಅವನೇ ಇಟ್ಟುಕೊಂಡ ಬಿರುದು. ಬೆರಳು ತಿರುಚದ ಚೆಂಡನ್ನು ಯಾವ ಪಿಚ್ಚು ತಾನೇ ತಿರುಗಿಸೀತು? ಆದರೆ ಎಲ್ಲರೂ ತಿರುಗುತ್ತದೆಂದು ಬ್ಯಾಟನ್ನು ಆಚೆ ಚಾಚುವುದು, ಚೆಂಡು ನೆಟ್ಟಗೆ ಬಂದು ವಿಕೆಟ್ ಎಗರಿಸುವುದು.

ಸೆಡ್ರಿಕ್ ಕೂರಲಾರದೆ ಶತಪಥ ತುಳಿಯುತ್ತಿದ್ದ. "ಅವ್ನ ಬಾಲು ತಿರುಗಲ್ಲ ಕಣ್ರೋ! ನೇರ ಆಡಿ!"

"ನಿಂದು ಹಂಗೆ ತಿರುಗ್ತಲ್ಲ, ಅವ್ನದಕ್ಕೇನು ರೋಗ?" ಎಂದು ಗದರಿಸಿ ಒಬ್ಬೊಬ್ಬರಾಗಿ ಹೋದರು, ಬಂದರು. ಕೊನೆಗೆ ಸೆಡ್ರಿಕ್ಕೇ ಹೋದ. ತಿರುಗುವುದಿಲ್ಲವೆಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನಡುವಿನ ವಿಕೆಟ್ ಹಾರಿತು. ಪಾಪ, ಅಳುವುದೊಂದು ಬಾಕಿ.

ಸಂಜೆ ಅಧ್ಯಕ್ಷ ಹಾವರ್ತ್ ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು.

"ಅಂಬ್ಲರ್, ನಮ್ಮ ಪಿಚ್ಚಿಗೆ ಸ್ಪಿನ್ನರೇ ಸರಿ ಅಂತ ಕಮಿಟಿ ಒಪ್ಕೊಂಡಿದೆ."

ಸೆಡ್ರಿಕ್‌ಗೆ ಹೋದ ಜೀವ ಬಂದಂತಾಯಿತು. "ದೊಡ್ಡ ಉಪಕಾರ ಆಯ್ತು ಸಾರ್!"

"ಡಿಗ್ಬಿನೂ ಬರ್ತೀನಿ ಅಂದಿದ್ದಾರೆ. ಆದ್ರೆ ಒಂದು ತೊಂದ್ರೆ," ಎಂದು ಸಾಹೇಬರು ದನಿ ತಗ್ಗಿಸಿದರು. "ಅವ್ರಿಗೆ ಬಾಲ್ ತಿರುಗಿಸೋಕೇ ಬರಲ್ವಂತೆ. ಹೋಗೋ ಮುಂಚೆ ಒಂಚೂರು ಹೇಳ್ಕೊಟ್ಟು ಹೋಗ್ತೀರಾ?"